ಶೇಂಗಾ ಹಿಂಡಿ ತುಂಬಿದ ಡಬ್ಬಿ

ಕೊರೊನಾ ಕಾಟ ಮುಗಿದು ಎರಡು ವರ್ಷವಾಗಿರಬೇಕು. ನಿಮ್ಮ ಅಜ್ಜ ತೀರಿಕೊಂಡ ಮುಂದಿನ ಮಳೆಗಾಲ ಅದು. ಮಕ್ಕಳೇ, ನೀವಾಗ ಅಂಗನವಾಡಿಗೆ ಹೋಗುತ್ತಿದ್ದಿರಿ, ನಿಮಗೆ ನೆನಪಿರಲಿಕ್ಕಿಲ್ಲ. ನಿಮ್ಮ ಅವ್ವನಿಗೆ ಚೆನ್ನಾಗಿ ನೆನಪಿದೆ. ಈಗಲೂ ಆ ಮಾತು ಬಂದರೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾಳೆ. ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಅಜ್ಜ ಹೋದ ಮೇಲೆ ನನಗೆ ಹಸಿವೆಯೇ ಆಗುತ್ತಿರಲಿಲ್ಲ. ಹೊಟ್ಟೆಯಲ್ಲಿ ಕಲ್ಲಿಟ್ಟ ಹಾಗೆ. ಯಾರ ಜೊತೆಗೂ ಮಾತು ಬೇಡ. ಹಳಿಯಾಳದ ಡಾಕ್ಟರು ಗುಳಿಗೆ ಕೊಟ್ಟರು, ಅದರಿಂದಲೂ ಏನೂ ಆಗಲಿಲ್ಲ. ಕುಪ್ಪಸ ಸಡಿಲಾಗಿ ಮತ್ತೆ ಮತ್ತೆ ಹೊಲಿಗೆ ಹಾಕಿಕೊಳ್ಳಬೇಕಾಯಿತು. ನಿಮ್ಮ ಅವ್ವ ಗಿರಿಜಾ ತಾಟು ಹಿಡಿದು ನನ್ನ ಹಿಂದೆಯೇ ಬರುತ್ತಿದ್ದಳು. ಆಮೇಲೆ ಉಣ್ಣುತ್ತೇನೆ ಎಂದು ನಾನು ಜಾರಿಕೊಳ್ಳುತ್ತಿದ್ದೆ. ನಾನು ಸೊರಗಿದ್ದನ್ನು ನೋಡಿ, ಸೊಸೆ ಅತ್ತೆಗೆ ನೆಟ್ಟಗೆ ಊಟ ಹಾಕುವುದಿಲ್ಲ ಎಂದು ಓಣಿಯಲ್ಲಿ ಮಾತು ಶುರುವಾಗಿತ್ತು. ಒಂದು ದಿನ ಅವಳು ಹಿತ್ತಲಲ್ಲಿ ನಿಂತು ಅಳುವುದನ್ನು ಕಂಡೆ. ಆದರೂ ತುತ್ತು ಇಳಿಯಲಿಲ್ಲ.

ಅಂಥ ದಿನಗಳಲ್ಲೇ ಆಶಾ ಕಾರ್ಯಕರ್ತೆ ಒಬ್ಬ ಹುಡುಗಿಯನ್ನು ಮನೆಗೆ ಕರೆತಂದಳು. ಹೆಸರು ಸುಮನಾ, ಮೈಸೂರಿನ ಕಡೆಯವಳು. ಪಿಎಚ್‌ಡಿ ಮುಗಿಸಿ, ಅದರ ಮುಂದಿನ ಸಂಶೋಧನೆ ಮಾಡುತ್ತಿದ್ದಳಂತೆ. ನಾವು ತಿನ್ನುವ ಅನ್ನಕ್ಕೂ, ನಮ್ಮ ಕರುಳಿಗೂ, ಮನಸ್ಸಿಗೂ ಏನು ನಂಟು ಎನ್ನುವುದು ಅವಳ ವಿಷಯ. ಹಳಿಯಾಳದಲ್ಲಿ ಬಾಡಿಗೆ ಕೋಣೆ ಹಿಡಿದು, ದಾಂಡೇಲಿ, ಜೋಯಿಡಾ, ಮುಂಡಗೋಡದ ಹಳ್ಳಿಗಳನ್ನೆಲ್ಲ ಸುತ್ತುತ್ತಿದ್ದಳು.

ಕಟ್ಟೆಯ ಮೇಲೆ ಭಾವನವರು, ಅಂದರೆ ನಿಮ್ಮ ದೊಡ್ಡಜ್ಜ, ಎಲೆ ಅಡಿಕೆ ಹಾಕುತ್ತ ಕೂತಿದ್ದರು. ಅವರ ಎದುರು ನಾನು ಎಂದೂ ತಲೆ ಎತ್ತಿ ಮಾತಾಡಿದವಳಲ್ಲ. ಹುಡುಗಿ ಏನೇನು ಉಣ್ಣುತ್ತೀರಿ ಎಂದು ಕೇಳಿದಳು. ಜೋಳದ ರೊಟ್ಟಿ, ಪಲ್ಯ, ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಮಜ್ಜಿಗೆ ಎಂದೆ. ಹೊಟ್ಟೆ ತುಂಬ ಉಣ್ಣುತ್ತೀರಾ ಎಂದಳು. ಹೌದು ಎಂದೆ. ಇಲ್ಲ ಎಂದರೆ ಸೊಸೆಯ ಮಾನ ಹೋಗುತ್ತಿತ್ತು. ಗಿರಿಜಾ ಮುಖ ಆಚೆ ತಿರುಗಿಸಿದಳು.

ಕೊನೆಗೆ ಹುಡುಗಿ ಬಿಗಿ ಮುಚ್ಚಳದ ಪುಟ್ಟ ಡಬ್ಬಿಯೊಂದನ್ನು ನನ್ನ ಕೈಗಿಟ್ಟು ಏನೋ ಹೇಳತೊಡಗಿದಳು. ದೊಡ್ಡವರು ಕೂತಿದ್ದಾರಲ್ಲ ಎಂದು ಅವಳು ದನಿ ತೀರಾ ತಗ್ಗಿಸಿದ್ದಳು. ನಾನೂ ನೆಲ ನೋಡುತ್ತ ಹ್ಞೂಂ ಹ್ಞೂಂ ಎಂದೆ. ನನಗೆ ಕೇಳಿಸಿದ್ದು ಇಷ್ಟೇ: ಬೆಳಿಗ್ಗೆ ಸ್ವಲ್ಪ ಇದರಲ್ಲಿ ಹಾಕಿ, ಮುಚ್ಚಳ ಗಟ್ಟಿ ಮಾಡಿ ಕೊಡಿ. ಪಾಪ, ಪರ ಊರಿನ ಹುಡುಗಿ, ಕೋಣೆಯಲ್ಲಿ ಒಬ್ಬಳೇ ಇರುತ್ತಾಳೆ, ಹಿಂಡಿಯ ಹೆಸರು ಕೇಳಿ ಆಸೆಪಟ್ಟಿದ್ದಾಳೆ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಎದ್ದು ಶೇಂಗಾ ಹುರಿದೆ. ಒಣಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಕುಟ್ಟಿದೆ. ಅಜ್ಜ ಹೋದ ಮೇಲೆ ಕುಟ್ಟುವ ಒಳ್ಳು ಮುಟ್ಟಿರಲಿಲ್ಲ, ಅದರ ಸಪ್ಪಳಕ್ಕೆ ಗಿರಿಜಾ ಎದ್ದು ಬಂದು ನೋಡಿದಳು. ಡಬ್ಬಿ ತೊಳೆದು ಒರೆಸಿ, ಹಿಂಡಿ ಒತ್ತಿ ತುಂಬಿ, ಮೇಲೊಂದಿಷ್ಟು ಎಣ್ಣೆ ಬಿಟ್ಟೆ. ಆಶಾ ಕಾರ್ಯಕರ್ತೆ ಬಂದು ಅದನ್ನು ಐಸ್ ಹಾಕಿದ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದಳು. ಹಿಂಡಿಗೆ ಐಸ್ ಯಾಕೆ ಎಂದು ನನಗೆ ಸೋಜಿಗವೇ ಆಯಿತು.

ಮಧ್ಯಾಹ್ನ ಆ ಹುಡುಗಿಯೇ ಬಂದಳು. ಭಾವನವರು ಮನೆಯಲ್ಲಿರಲಿಲ್ಲ. ನನ್ನ ಪಕ್ಕ ಕೂತು, ನನ್ನ ಕೈ ಹಿಡಿದುಕೊಂಡು, ಡಬ್ಬಿಯಲ್ಲಿ ನಿಜವಾಗಿ ಏನು ಕೊಡಬೇಕಿತ್ತು ಎಂದು ಬಿಡಿಸಿ ಹೇಳಿದಳು. ಬೆಳಗಿನ ಸಂಡಾಸಿನದು, ಪರೀಕ್ಷೆಗೆ. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ.

ಗಿರಿಜಾ ಬಾಗಿಲಲ್ಲಿ ನಿಂತಿದ್ದಳು. "ಅಯ್ಯ ಅತ್ತೀ, ಮ್ಯಾಲ ಎಣ್ಣಿ ಬ್ಯಾರೆ ಹಾಕಿ ಕೊಟ್ಟೀರಲ್ಲ" ಎಂದವಳೇ ಅಲ್ಲೇ ಕುಸಿದು ಕೂತು ನಗತೊಡಗಿದಳು. ಹುಡುಗಿಯೂ ನಕ್ಕಳು. ನನಗೂ ತಡೆಯಲಾಗಲಿಲ್ಲ. ನಮ್ಮ ಮನೆಯಲ್ಲಿ ಎಷ್ಟೋ ತಿಂಗಳಿಂದ ಯಾರೂ ನಕ್ಕಿರಲಿಲ್ಲ. ನಗುತ್ತ ನಗುತ್ತಲೇ ನನಗೆ ಅಳು ಬಂತು.

ಹುಡುಗಿ ನಾನು ಸುಮ್ಮನಾಗುವವರೆಗೂ ಕಾದಳು. ಆಮೇಲೆ ಕೇಳಿದಳು, "ಅಜ್ಜ ಇದ್ದಾಗ ನೀವು ಯಾವಾಗ ಊಟ ಮಾಡ್ತಿದ್ರಿ ಅಜ್ಜಿ?"

ಏನು ಉಂಡೆ, ಎಷ್ಟು ಉಂಡೆ ಎಂದು ಎಲ್ಲರೂ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ.

"ಅವರು ಉಂಡು ಕೈ ತೊಳಕೊಂಡ ಮ್ಯಾಲ ನನಗ ಹಸಿವಿ ಆಗತಿತ್ತವ್ವಾ" ಎಂದೆ. "ಈಗ ಅವರ ಊಟ ಆಗೂದಿಲ್ಲ."

ಮದುವೆಯಾದಾಗಿನಿಂದ ನಡೆದುಬಂದದ್ದು ಅದೇ. ಅವರ ಊಟವಾಗಬೇಕು, ನಾನು ತಂಬಿಗೆಯಿಂದ ಅವರ ಕೈಗೆ ನೀರು ಹಾಕಬೇಕು, ಆಮೇಲೆ ನನ್ನ ಊಟ. ಹೊಟ್ಟೆಗೆ ಅದೇ ರೂಢಿಯಾಗಿತ್ತು. ನನಗೂ ಅದು ತಿಳಿದಿರಲಿಲ್ಲ, ಹೇಳಿದಾಗಲೇ ತಿಳಿಯಿತು. ಗಿರಿಜಾ ನನ್ನನ್ನೇ ನೋಡುತ್ತ ಕಣ್ಣೊರೆಸಿಕೊಂಡಳು. ತನ್ನ ಕೈಯ ಅಡುಗೆ ನನಗೆ ಸೇರುತ್ತಿಲ್ಲ ಎಂದೇ ಅಷ್ಟು ದಿನ ಅವಳು ನೊಂದಿದ್ದಳಂತೆ.

ಹುಡುಗಿ ಏನನ್ನೂ ಬರೆದುಕೊಳ್ಳಲಿಲ್ಲ. ತಾನೂ ಬೆಳಿಗ್ಗೆಯಿಂದ ಬರೀ ಚಹಾದ ಮೇಲೆ ಇದ್ದೇನೆ, ಊರಿಂದೂರಿಗೆ ತಿರುಗುವಾಗ ಎಷ್ಟೋ ದಿನ ಹೀಗೇ, ಒಂದು ರೊಟ್ಟಿ ಸಿಗುತ್ತದೆಯೇ ಎಂದಳು. ಗಿರಿಜಾ ಬಿಸಿ ರೊಟ್ಟಿ ಬಡಿದಳು. ಹುಡುಗಿ ನನ್ನ ಹಿಂಡಿ, ಮೊಸರು ಹಚ್ಚಿಕೊಂಡು ಉಂಡು ಅಂಗಳಕ್ಕೆ ಬಂದು ಕೈ ಚಾಚಿದಳು. ನಾನು ತಂಬಿಗೆಯಿಂದ ನೀರು ಹಾಕಿದೆ.

"ನಂದು ಊಟ ಆಯ್ತು ಅಜ್ಜಿ. ಇನ್ನು ನೀವು ಉಣ್ಣಿ" ಎಂದಳು.

ಅಂದು ನಾನು ಮುಕ್ಕಾಲು ರೊಟ್ಟಿ ಉಂಡೆ.

ಮರುದಿನ ಹೊಸ ಡಬ್ಬಿಯಲ್ಲಿ ಕೊಡಬೇಕಾದ್ದನ್ನೇ ಕೊಟ್ಟೆ. ಅವಳು ಹೇಳಿದಂತೆ ಹುಬ್ಬಳ್ಳಿಗೆ ಹೋಗಿ ಮನಸ್ಸಿನ ಡಾಕ್ಟರನ್ನೂ ಕಂಡು ಬಂದೆವು. ಒಂದೇ ದಿನಕ್ಕೆ ಎಲ್ಲವೂ ಸರಿಹೋಗಲಿಲ್ಲ. ಆದರೆ ಅಲ್ಲಿಂದ ಮುಂದೆ ಆ ಹುಡುಗಿ ಎಲ್ಲಿದ್ದರೂ ಮಧ್ಯಾಹ್ನ ಗಿರಿಜಾಳ ಫೋನಿಗೆ ಕರೆ ಮಾಡಿ, ನಂದು ಊಟ ಆಯ್ತು ಎನ್ನುವ ಅದೇ ಮಾತು ಹೇಳುತ್ತಿದ್ದಳು. ಅದನ್ನು ಕೇಳಿದ ಮೇಲೆ ನಾನು ಉಣ್ಣುತ್ತಿದ್ದೆ. ನಮ್ಮೆಲ್ಲರ ಡಬ್ಬಿಗಳಿಂದ ಅವಳ ಸಂಶೋಧನೆಯಲ್ಲಿ ಏನು ತಿಳಿದುಬಂತೋ ನನಗೆ ಗೊತ್ತಿಲ್ಲ. ನೊಂದವರಿಗೆ ಉಣ್ಣಿ ಎಂದು ಹೇಳಿದರೆ ಸಾಲದು, ಅವರ ಹತ್ತಿರ ಕೂತು ಉಣ್ಣಬೇಕು ಎನ್ನುವುದಂತೂ ನನಗೆ ತಿಳಿಯಿತು.

ಈಗ ಅವಳು ತನ್ನ ಊರಿಗೆ ಮರಳಿದ್ದಾಳೆ. ಕೆಲಸದ ಗಡಿಬಿಡಿಯಲ್ಲಿ ಕೆಲವು ಸಲ ಫೋನು ಬರುವುದಿಲ್ಲ. ಆಗ ನಿಮ್ಮ ಜೊತೆ ಕೂತು ಉಂಡೆದ್ದು, ಕೈ ತೊಳೆದು, ನಾನೇ ಗಿರಿಜಾಳಿಂದ ಫೋನು ಹಚ್ಚಿಸುತ್ತೇನೆ.

"ನಂದು ಊಟ ಆತವ್ವಾ" ಅನ್ನುತ್ತೇನೆ. "ಇನ್ನ ನೀ ಉಣ್ಣು."