ಅರಿಶಿನ ಹಚ್ಚಿದ ಕಿವಿಗಳು

ನಾನು ಗಂಡನ ಮನೆಗೆ ಹೊರಟ ದಿನ ನನ್ನ ಗಾಡಿಯ ಹಿಂದೆ ಒಂದು ನಾಯಿ ಬಂತು. ಯಾರೂ ಕರೆದಿರಲಿಲ್ಲ. ಕಮಲಾಪುರದ ನಮ್ಮ ಹಿತ್ತಲಿನಲ್ಲಿ, ಕೆಂಪು ಬಾಳೆಯ ಬುಡದಲ್ಲಿ ಹುಟ್ಟಿದ ಬಿಳಿ ನಾಯಿ. ನನ್ನ ಕೈಯ ರೊಟ್ಟಿ ತಿಂದು ಬೆಳೆದದ್ದು. ಗಾಡಿ ಹೊಡೆಯುವವನು ಬಾರುಕೋಲು ಬೀಸಿ ಓಡಿಸಿದರೆ ಹೊಲಕ್ಕೆ ಇಳಿಯುತ್ತಿತ್ತು, ಸ್ವಲ್ಪ ಹೊತ್ತಿಗೆ ಮತ್ತೆ ರಸ್ತೆಗೆ ಬರುತ್ತಿತ್ತು. ನಾನು ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದವಳು, ಅದರ ಮುಖ ನೋಡಿ ನಗುತ್ತಲೂ ಇದ್ದೆ.

ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮ ಅತ್ತೆಯ ಮನೆ. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ನಾನು ಅದನ್ನು ಒದೆಯಲು ಕಾಲೆತ್ತುವ ಮೊದಲೇ ನಾಯಿ ಹೋಗಿ ಮೂಸಿಬಿಟ್ಟಿತು. ನೆರೆದ ಹೆಂಗಸರೆಲ್ಲ ಹೋ ಎಂದರು. ಅತ್ತೆ ಅಕ್ಕಿ ಚೆಲ್ಲಿಸಿ, ಬೇರೆ ತರಿಸಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಹೆಣ್ಣು ಕೊಟ್ರು, ಸರಿ. ನಾಯಿನೂ ಕೊಟ್ಟಾರೇನವಾ ನಿಮ್ಮಪ್ಪ?”

ನಾಯಿಗೆ ನಾವು ಹೆಸರಿಟ್ಟಿರಲಿಲ್ಲ. ಅತ್ತೆ ಇಟ್ಟರು: ತವರು ಮಂದಿ. “ನಿನ್ನ ತವರು ಮಂದಿ ಹಸದಾರ ನೋಡು.” “ನಿನ್ನ ತವರು ಮಂದೀಗೆ ಮೈಯೆಲ್ಲಾ ಉಣ್ಣಿ ಆಗ್ಯಾವ.” ಅವರ ಮಾತಿಗೆ ನನಗೆ ಸಿಟ್ಟು ಬರುತ್ತಿತ್ತು, ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕುತ್ತಿದ್ದೆ. ಆದರೆ ಮಾತು ಸುಳ್ಳಲ್ಲ. ಆ ಊರಿನಲ್ಲಿ ನನ್ನವರೆಂದು ಇದ್ದದ್ದು ಅದೊಂದೇ.

ಮಡಿ ಮನೆಯಲ್ಲಿ ನಾಯಿ ಸಾಕುವ ಕಷ್ಟ ಸಾಕಿದವರಿಗೇ ಗೊತ್ತು. ಅದು ಹೊರಗಿನ ಕಟ್ಟೆ ದಾಟುವಂತಿಲ್ಲ, ಬಾವಿಯ ಹತ್ತಿರ ಸುಳಿಯುವಂತಿಲ್ಲ. ಕಲಬುರಗಿಯ ಬೇಸಿಗೆಯೋ, ಕಲ್ಲೂ ಕಾಯುವಂಥದ್ದು. ಇಡೀ ಮನೆಯಲ್ಲಿ ತಂಪಿದ್ದ ಜಾಗವೆಂದರೆ ದಿನಾ ನೀರು ಹಾಕುವ ತುಳಸಿಯ ಬುಡ. ಅದು ಅಲ್ಲಿಯೇ ಕೆದರಿ ಮಲಗುತ್ತಿತ್ತು. ಅತ್ತೆ ಒಣಹಾಕಿದ ಮಡಿ ಸೀರೆಗೆ ಬಾಲ ತಗುಲಿಸಿದರಂತೂ ಮುಗಿಯಿತು, ಸೀರೆಯನ್ನು ನಾನು ಮತ್ತೆ ಒಗೆಯಬೇಕು, ಬೈಗುಳವನ್ನು ನಾವಿಬ್ಬರೂ ಕೇಳಬೇಕು.

ಅದು ನಿಜಾಮರ ಕಾಲ. ನಮ್ಮ ಮನೆಯವರು ಕಚೇರಿಯಲ್ಲಿ ಉರ್ದು ಬರೆಯುವ ಗುಮಾಸ್ತರು. ಬೇಸಿಗೆಯಲ್ಲಿ ಬೀದಿ ನಾಯಿ ಹಿಡಿಯುವವರು ಬರುತ್ತಾರೆ, ಕೊರಳಲ್ಲಿ ಪಟ್ಟಿ ಇಲ್ಲದಿದ್ದರೆ ಒಯ್ಯುತ್ತಾರೆ ಎಂದು ಯಾರೋ ಹೇಳಿದ್ದಕ್ಕೆ, ಪಾಪ, ಕೋಟೆಯ ಕಡೆಯ ಬಜಾರಿನಿಂದ ಒಂದು ಪಟ್ಟಿ ಕೊಂಡು ತಂದರು. ಅದು ತೊಗಲಿನದು. “ಶಾಲಿಗ್ರಾಮ ಇರೋ ಮನ್ಯಾಗ ಚರ್ಮಾ ತಂದೀಯೇನೋ!” ಎಂದು ಅತ್ತೆ ಕೂಗಿದ್ದು ಓಣಿಯ ಕೊನೆಯವರೆಗೂ ಕೇಳಿತು. ಅವರು ಪಟ್ಟಿ ಹಿಡಿದುಕೊಂಡು ಬಂದ ಕಾಲಲ್ಲೇ ವಾಪಸು ಹೋದರು. ನಾನು ನನ್ನ ಹಳೆಯ ಸೀರೆಯ ಅಂಚು ಹರಿದು ಕಟ್ಟಿದೆ.

ಎಲ್ಲಕ್ಕಿಂತ ಕಷ್ಟ ಏಕಾದಶಿಯದು. ಅಂದು ನಮ್ಮ ಮನೆಯಲ್ಲಿ ಒಲೆಯೇ ಹೊತ್ತುತ್ತಿರಲಿಲ್ಲ. ನಾಯಿ ಖಾಲಿ ತಟ್ಟೆ ನೆಕ್ಕಿ, ನನ್ನ ಮುಖ ನೋಡಿ ಕುಂಯ್‌ಗುಡುತ್ತಿತ್ತು. “ವೈಷ್ಣವರ ಮನೀ ನಾಯಿ, ಉಪವಾಸ ಮಾಡಲಿ ಬಿಡು, ಪುಣ್ಯ ಬರ್ತದ” ಎನ್ನುತ್ತಿದ್ದರು ಅತ್ತೆ. ಅದಕ್ಕೆ ಪುಣ್ಯ ಬೇಕಿರಲಿಲ್ಲ. ಒಂದು ಏಕಾದಶಿಯ ಮಧ್ಯಾಹ್ನ ಮಾಯವಾಯಿತು.

ಸತ್ತಿತು ಎಂದುಕೊಂಡು ನಾನು ಅನ್ನ ಬಿಟ್ಟು ಅಳುತ್ತ ಕೂತೆ. ಕೆಲವು ದಿನಗಳ ಮೇಲೆ ಬೆಳಿಗ್ಗೆ ರಂಗೋಲಿ ಹಾಕಲು ಬಾಗಿಲು ತೆರೆದರೆ ಕಟ್ಟೆಯ ಮೇಲೆ ಕೂತಿದೆ. ಮೈ ಬೆಳ್ಳಗೆ ತೊಳೆದಿಟ್ಟಂತಿದೆ, ಒಂದು ಉಣ್ಣಿಯಿಲ್ಲ, ಎರಡೂ ಕಿವಿ ಹಳದಿ. ಕೊರಳಲ್ಲಿ ಹಸಿರು ಸೀರೆಯ ಅಂಚು. ಆ ಸೀರೆ ನಮ್ಮವ್ವನದು.

ಕಮಲಾಪುರಕ್ಕೆ ಹೋಗಿ ಬಂದಿತ್ತು! ನಾಯಿಗಳಿಗೆ ಬೇವಿನ ಸೊಪ್ಪು ಕುದಿಸಿದ ನೀರು ಹಾಕಿ, ಕಡಲೆಹಿಟ್ಟಿನಿಂದ ಉಜ್ಜಿ, ಕಿವಿಗೆ ಔಡಲೆಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚುವವಳು ನಮ್ಮವ್ವ ಒಬ್ಬಳೇ. ನಾನು ರಂಗೋಲಿ ಬಟ್ಟಲು ಅಲ್ಲಿಯೇ ಬಿಟ್ಟು, ಅದರ ಕೊರಳಿಗೆ ಮುಖ ಇಟ್ಟು ಅತ್ತುಬಿಟ್ಟೆ. ನಮ್ಮವ್ವನ ಕೈಯ ವಾಸನೆ ಬರುತ್ತಿತ್ತು. ಹಿಂದೆ ಬಂದು ನಿಂತ ನಮ್ಮ ಅತ್ತೆ, “ಅಯ್ಯ, ಮದಿಮಗ ಬಂದ ನೋಡ್ರಿ, ಅರಿಶಿಣ ಹಚಗೊಂಡು!” ಎಂದರು. ಆಮೇಲೆ ನನ್ನ ಮುಖ ನೋಡಿ, “ಹೋಗು, ಮತ್ತ ಸ್ನಾನಾ ಮಾಡು” ಎಂದರು.

ಅಂದಿನಿಂದ ಅದು ಏಕಾದಶಿಗೊಮ್ಮೆ ಹೊರಡುವುದು ರೂಢಿಯಾಯಿತು. ಕಮಲಾಪುರದಲ್ಲೂ ಏಕಾದಶಿಯೇ, ಆದರೆ ಅದು ಅಲ್ಲಿ ಮುಟ್ಟುವ ಹೊತ್ತಿಗೆ ದ್ವಾದಶಿಯ ಪಾರಣೆ ಆಗುತ್ತಿರುತ್ತಿತ್ತು. ಎಂಥ ಲೆಕ್ಕಾಚಾರದ ಪ್ರಾಣಿ! ಹೋಗುವಾಗ ನಾನು ನನ್ನ ಸೀರೆಯ ಅಂಚು ಕಟ್ಟುತ್ತಿದ್ದೆ, ಬರುವಾಗ ಅವ್ವನದು ಇರುತ್ತಿತ್ತು. ಕಿವಿ ಹಳದಿಯಾಗಿದ್ದರೆ ಅವ್ವ ಗಟ್ಟಿಯಾಗಿದ್ದಾಳೆ ಎಂದು ನನ್ನ ಮಟ್ಟಿಗೆ ನಾನು ತಿಳಿದುಕೊಳ್ಳುತ್ತಿದ್ದೆ. ಒಮ್ಮೊಮ್ಮೆ ಅದರ ಮೇಲೆ ಹೊಟ್ಟೆಕಿಚ್ಚೂ ಆಗುತ್ತಿತ್ತು. ನಾಯಿ ಬೇಕೆಂದಾಗ ನನ್ನ ತವರಿಗೆ ಹೋಗುತ್ತದೆ, ನಾನು ನಾಗರ ಪಂಚಮಿಗೆ, ಅದೂ ಅತ್ತೆ ಹೂಂ ಎಂದರೆ ಮಾತ್ರ. ಒಂದು ವರ್ಷ ನಾದಿನಿಯ ಬಾಣಂತನವೆಂದು ಅದಕ್ಕೂ ಹೂಂ ಎನ್ನಲಿಲ್ಲ. ಅವ್ವ ತಾನಾಗಿ ಬರುವವಳಲ್ಲ, ಮಗಳಿಗೆ ಮಕ್ಕಳಾಗುವವರೆಗೆ ಅವಳ ಮನೆಯ ಅನ್ನ ಉಣ್ಣಬಾರದೆಂಬ ಹಟ. ಅವ್ವನ ಮುಖ ನೋಡದೆ ಜೀವ ಎಷ್ಟು ಚಡಪಡಿಸುತ್ತಿತ್ತೆಂದು ಯಾರಿಗೆ ಹೇಳಲಿ?

ಪಂಚಮಿ ಕಳೆದು ಸ್ವಲ್ಪ ದಿನಕ್ಕೆ ನಾಯಿ ಕಮಲಾಪುರದಿಂದ ಬಂತು. ಮೈಯೆಲ್ಲ ಕೆಸರು, ಬಾಲದ ತುಂಬ ಮುಳ್ಳು, ಕಿವಿಯೊಳಗೆ ಉಣ್ಣಿಗಳು. ಕೊರಳಲ್ಲಿ ನಾನು ಕಟ್ಟಿದ ಅಂಚೇ ಹಾಗೇ ಇತ್ತು.

“ನಮ್ಮವ್ವಗ ಏನೋ ಆಗ್ಯದ. ನನ್ನ ಕಮಲಾಪುರಕ್ಕ ಕರಕೊಂಡು ಹೋಗ್ರಿ” ಎಂದು ಮನೆಯವರ ಮುಂದೆ ನಿಂತೆ.

“ನಾಯಿ ಹೊಲಸಾಗ್ಯದಂತ ಊರಿಗೆ ಹೋಗ್ಲಿಕ್ಕಾಗ್ತದೇನು? ಸಾಹೇಬರ ಕಡೆ ರಜಾ ಏನಂತ ಕೇಳಲಿ? ನಾಯಿ ಕಿವೀಗೆ ಅರಿಶಿಣ ಇಲ್ಲ ಹುಜೂರ್, ಅನ್ನಲೇನು?”

ಅತ್ತೆ ಒಲೆಯ ಮುಂದೆ ಮಡಿಯಲ್ಲಿದ್ದರು. ಮಾತು ಕೇಳಿ ಹೊರಗೆ ಬಂದರು. ಕಟ್ಟೆಯಿಂದ ಇಳಿದು, ಬಾಗಿ, ತಮ್ಮ ಕೈಯಿಂದ ನಾಯಿಯ ಕಿವಿ ಮಗುಚಿ ನೋಡಿದರು. ಮಡಿಯಲ್ಲಿ ಅವರು ನನ್ನನ್ನೂ ಮುಟ್ಟಿಸಿಕೊಂಡವರಲ್ಲ.

“ಗಾಡಿ ಕಟ್ಟಸೋ” ಎಂದರು ಮಗನಿಗೆ.

“ಅವ್ವಾ, ಒಂದು ನಾಯಿ ಮಾತು ಕಟಗೊಂಡು...”

“ಕಟ್ಟಸಂದ್ರ ಕಟ್ಟಸು. ನಮ್ಮವ್ವ ಹ್ವಾದಾಗ ನನಗ ಹೇಳ್ಲಿಕ್ಕೆ ಒಂದು ನಾಯಿನೂ ಇರಲಿಲ್ಲ.”

ಹಾಗೆಂದವರೇ ಬಾವಿಯ ಕಡೆ ಸ್ನಾನಕ್ಕೆ ಹೋದರು. ಅವರಿಗೂ ಒಬ್ಬ ಅವ್ವ ಇದ್ದಳೆಂಬುದು ಅಂದಿನವರೆಗೆ ನನ್ನ ತಲೆಗೇ ಹೊಳೆದಿರಲಿಲ್ಲ.

ದಾರಿಯುದ್ದಕ್ಕೂ ದೇವರನ್ನು ಬೇಡಿಕೊಂಡೆ. ನಾಯಿ ಗಾಡಿಯಲ್ಲಿ ನನ್ನ ಕಾಲ ಮೇಲೆ ತಲೆಯಿಟ್ಟು ಮಲಗಿತ್ತು. ಕಮಲಾಪುರ ಮುಟ್ಟಿದಾಗ ಸಂಜೆ ದೀಪ ಹಚ್ಚುವ ಹೊತ್ತು. ನಮ್ಮವ್ವ ಅಂಗಳದಲ್ಲಿ ನಿಂತು ಹೂಬತ್ತಿ ಹೊಸೆಯುತ್ತಿದ್ದಳು, ಗಟ್ಟಿಮುಟ್ಟಾಗಿ!

“ಏನಾಗ್ಯದ ನಿನಗ?” ಎಂದು ಕಿರುಚಿದೆ.

“ನನಗೇನಾಗ್ಯದ? ಏನೂ ಆಗಿಲ್ಲ.”

“ಮತ್ತ ಈ ನಾಯಿ?”

ಅವ್ವ ಬತ್ತಿ ಕೆಳಗಿಟ್ಟಳು. “ಬೇಕಂತನ ಹಂಗ ಬಿಟ್ಟೆ. ಎಣ್ಣಿ ಹಚ್ಚಿ ಕಳಿಸಿದ್ರ ನೀ ಬರ್ತಿದ್ದೇನು? ಪಂಚಮೀಗೂ ಬರಲಿಲ್ಲ. ನಿನ್ನ ನೋಡಬೇಕು ಅನಿಸ್ತು.”

“ದಾರ್ಯಾಗ ನನ್ನ ಜೀವ ಹೋಗಿತ್ತಲ್ಲ, ಯಾಕ ಹಿಂಗ ಮಾಡ್ದಿ?” ಎಂದು ಬಾಯಿಗೆ ಬಂದಂತೆ ಬೈದೆ. ಬೈಯುತ್ತಲೇ ಹೋಗಿ ಅವಳನ್ನು ತಬ್ಬಿಕೊಂಡೆ. ಮರುದಿನ ಹಿತ್ತಲಿನಲ್ಲಿ ಇಬ್ಬರೂ ಸೇರಿ ನಾಯಿಗೆ ಎರೆದೆವು. ಅವ್ವ ಕಿವಿ ಹಿಡಿದಳು, ನಾನು ಉಣ್ಣಿ ಆರಿಸಿ ಘಾಸಲೇಟ್ ಎಣ್ಣೆಯ ಬಟ್ಟಲಿಗೆ ಹಾಕಿದೆ. ನಾಯಿ ಮೈ ಝಾಡಿಸಿ ಇಬ್ಬರನ್ನೂ ಪೂರ್ತಿ ನೆನೆಸಿತು. ಮತ್ತೆಂದಾದರೂ ಅಷ್ಟು ನಕ್ಕದ್ದು ನನಗೆ ನೆನಪಿಲ್ಲ.

ಬ್ರಹ್ಮಪುರಕ್ಕೆ ಮರಳಿದಾಗ ಅತ್ತೆ, “ಹೆಂಗಿದ್ದಾಳ ನಿಮ್ಮವ್ವ?” ಎಂದು ಕೇಳಿದರು.

“ಜ್ವರಾ ಬಂದಿತ್ರಿ. ಈಗ ಇಳದದ.”

ಅವರು ನಾಯಿಯ ಹಳದಿ ಕಿವಿ ನೋಡಿದರು, ನನ್ನ ಮುಖ ನೋಡಿದರು. “ಹೂಂ. ಬರೋ ಪಂಚಮೀಗೆ ಮೊದಲಽ ಹೋಗಿ ಬಾ. ಇಲ್ಲಂದ್ರ ಮತ್ತ ಜ್ವರಾ ಬಂದೀತು.”

ಅವರ ಮಾತು ಅವರು ಉಳಿಸಿಕೊಂಡರು. ಆಮೇಲೆ ಒಂದು ಪಂಚಮಿಯೂ ನನಗೆ ತಪ್ಪಲಿಲ್ಲ. ನಾಯಿಗೆ ವಯಸ್ಸಾಯಿತು, ಹಿಂಗಾಲು ಸೋತವು, ಏಕಾದಶಿ ಬಂದರೆ ಓಣಿಯ ತುದಿಯವರೆಗೆ ಹೋಗಿ ನಿಂತು ತಿರುಗಿ ಬರುತ್ತಿತ್ತು. ಒಂದು ಬೇಸಿಗೆಯಲ್ಲಿ ತುಳಸಿಯ ಬುಡದ ತಂಪಿನಲ್ಲೇ ಕಣ್ಣು ಮುಚ್ಚಿತು. ಅಲ್ಲಿ ಮಲಗಲು ಬಿಟ್ಟವರು ಅತ್ತೆಯೇ.

ಅದರ ಮುಂದಿನ ಚಳಿಗಾಲ ನಮ್ಮವ್ವನಿಗೆ ನಿಜವಾಗಿ ಜ್ವರ ಬಂತು. ಇಳಿದೀತು ಎಂದುಕೊಂಡು ಅಲ್ಲಿಂದ ಯಾರೂ ಹೇಳಿ ಕಳಿಸಲಿಲ್ಲ. ಕೊನೆಗೆ ಕಮಲಾಪುರದಿಂದ ಒಬ್ಬ ಆಳು ಬಂದು ಅಂಗಳದಲ್ಲಿ ತಲೆ ಬಗ್ಗಿಸಿ ನಿಂತಾಗ ಎಲ್ಲ ಮುಗಿದಿತ್ತು. ಮಡಿಯಲ್ಲಿದ್ದ ಅತ್ತೆ ಒಲೆ ಬಿಟ್ಟು ಎದ್ದು ಬಂದು, ನನ್ನನ್ನು ತಮ್ಮ ಮಡಿಲಿಗೆ ಎಳೆದುಕೊಂಡು ಕೂತರು.

“ಅದು ಇದ್ದಿದ್ರ ಮೊದಲಽ ಹೇಳ್ತಿತ್ತವಾ” ಎಂದರು.