ಕೆಡದ ಗಾಡಿ

ಗಾಡಿ ಕೆಟ್ಟಿರಲಿಲ್ಲ.

ಇಷ್ಟನ್ನು ಹೇಳುವುದಕ್ಕೆ ನನಗೆ ಎಂಟು ವರ್ಷ ಬೇಕಾಯಿತು. ಒಮಾನಿನ ಬಟ್ಟಬಯಲಿನಲ್ಲಿ ನಮ್ಮ ವ್ಯಾನು ನಿಂತುಹೋಯಿತು, ನಾವು ಹನ್ನೊಂದು ಮಂದಿ ಕೆಳಗಿಳಿದು ಕೀರ್ತನೆ ಹಾಡಿದೆವು, ಕೊನೆಯ ಚರಣ ಮುಗಿಯುವಷ್ಟರಲ್ಲಿ ಇಂಜಿನ್ ತಾನಾಗಿ ಚಾಲೂ ಆಯಿತು — ನಾನು ನಮ್ಮ ಚರ್ಚಿನ ಸಭೆಯ ಮುಂದೆ ನಿಂತು ಹೇಳಿದ ಈ ಸಾಕ್ಷಿಯನ್ನು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಕೆಲವರು ಕಣ್ಣೊರೆಸಿಕೊಂಡಿದ್ದೀರಿ. ಆ ವ್ಯಾನು ಎಲ್ಲಿಯೂ ನಿಲ್ಲಲಿಲ್ಲ. ನಿಂತದ್ದು ನಾನು.

ನಾನು ಸರೋಜಿನಿ. ಉಡುಪಿಯ ಕಡೆಯ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ಸಮಾಜಪಾಠ ಕಲಿಸಿದವಳು. ನಮ್ಮ ಸಭೆಯ ಗಾಯನ ಮಂಡಳಿಯನ್ನು ಕಟ್ಟಿ ಬೆಳೆಸಿದವಳು. ಜಂಬ ನನಗೆ ಆಗಲೂ ಇತ್ತು, ಈಗಲೂ ಇದೆ. ಇಷ್ಟು ಹೇಳಲು ಕುಳಿತ ಮೇಲೆ ಅದೊಂದನ್ನು ಯಾಕೆ ಮುಚ್ಚಿಡಲಿ? ನಮ್ಮ ಮಂಡಳಿ ನಾಲ್ಕು ಸ್ವರಗಳಲ್ಲಿ ಹಾಡಿದರೆ ಹಿಂದಿನ ಬೆಂಚಿನಲ್ಲಿ ತೂಕಡಿಸುವವರೂ ನೆಟ್ಟಗೆ ಕೂರುತ್ತಿದ್ದರು. ಮಸ್ಕತ್ತಿನ ಕನ್ನಡ ಸಭೆಯಿಂದ ಕರೆ ಬಂದಾಗ, "ಟೀಚರನ್ನು ಬಿಟ್ಟು ಬೇರೆ ಯಾರು ಕರ್ಕೊಂಡು ಹೋಗ್ತಾರೆ?" ಎಂದು ಎಲ್ಲರೂ ಹೇಳಿದರು. ನನ್ನ ಅಭಿಪ್ರಾಯವೂ ಅದೇ ಆಗಿತ್ತು.

ಎಣ್ಣೆಯ ಬೆಲೆ ಬಿದ್ದುಹೋದ ವರ್ಷಗಳು ಅವು. ಮಸ್ಕತ್ತಿನ ರೂವಿ ಪೇಟೆಯ ನಮ್ಮವರ ಅಂಗಡಿಗಳಲ್ಲಿ ಗಿರಾಕಿಗಳಿಗಿಂತ ಊರಿಗೆ ಹೊರಟವರ ಪೆಟ್ಟಿಗೆಗಳೇ ಹೆಚ್ಚು ಕಾಣುತ್ತಿದ್ದವು. ನಮ್ಮನ್ನು ಕರೆಸಿದ ಜಯರಾಜ — ನನ್ನ ಹಳೆಯ ವಿದ್ಯಾರ್ಥಿ, ಅಲ್ಲಿನ ಸಭೆಯ ಕಾರ್ಯದರ್ಶಿ — ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿದ್ದ. ನಾನು ಕನ್ನಡದಲ್ಲಿ ಶಾಲೆಯ ಬಗ್ಗೆ ಕೇಳಿದರೆ ಅವನ ಮಗಳು, "ದಿಸ್ ವೀಕ್ ಫೋರ್ ಫ್ರೆಂಡ್ಸ್ ಆರ್ ಲೀವಿಂಗ್, ಆಂಟಿ" ಎಂದಳು. ಅಂಥ ಕಾಲದಲ್ಲಿ ನಾವು ಹೋದದ್ದು ಬರೀ ಹಾಡುವುದಕ್ಕಲ್ಲ. ಮಸ್ಕತ್ತಿನ ಹೊರಗೆ ಬರ್ಕಾದ ಒಂದು ಲೇಬರ್ ಕ್ಯಾಂಪಿನಲ್ಲಿ ನಮ್ಮ ಕಡೆಯ ಇಪ್ಪತ್ತಾರು ಮಂದಿ ಕ್ರೈಸ್ತರಿದ್ದರು, ಗಾರೆಯವರು, ಫಿಟ್ಟರುಗಳು. ಕಂಪನಿ ಮುಚ್ಚುತ್ತಿತ್ತು. ಮುಂದಿನ ವಾರ ಕೆಲವರು ಊರಿಗೆ, ಕೆಲವರು ಎಲ್ಲೆಲ್ಲಿಗೋ. ಚದುರುವ ಮೊದಲು ಒಂದು ಸಲ, ಎಲ್ಲರೂ ಒಟ್ಟಿಗೆ, ಕನ್ನಡದಲ್ಲಿ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಬೇಕು ಎಂಬುದು ಅವರ ಆಸೆ. ಅಲ್ಲಿ ಅದನ್ನು ಕೊಡಬಲ್ಲ ಕನ್ನಡದ ಸಭಾಪಾಲಕರಿರಲಿಲ್ಲ. ನಮ್ಮ ಸಭೆಯ ಪಾಲಕರಾದ ಅಯ್ಯನವರು ನಮ್ಮ ಜೊತೆಗೇ ಬಂದಿದ್ದರು. ಶುಕ್ರವಾರ ಕ್ಯಾಂಪಿನವರಿಗೆ ರಜೆ. ಮಧ್ಯಾಹ್ನ ಮೂರಕ್ಕೆ ರೂವಿಯ ಚರ್ಚಿನ ಆವರಣದಲ್ಲಿ ಆರಾಧನೆ, ಐದಕ್ಕೆ ಕಂಪನಿಯ ಬಸ್ಸು ಅವರನ್ನು ವಾಪಸು ಒಯ್ಯುತ್ತದೆ. ಹಾಗೆ ಗೊತ್ತಾಗಿತ್ತು.

ಅದೇ ಶುಕ್ರವಾರ ಬೆಳಿಗ್ಗೆ ಬಾತ್ ನೋಡಿಬರೋಣ ಎಂದವಳು ನಾನು. ಇಬ್ರಿಯ ಕಡೆ ಇರುವ ಹಳ್ಳಿ ಅದು. ನಾಲ್ಕೈದು ಸಾವಿರ ವರ್ಷ ಹಳೆಯ ಕಲ್ಲಿನ ಗೋರಿಗಳಿವೆ. "ಬಾತ್ ಅಂದ್ರೆ ಬಿಸಿಬೇಳೆಯದ್ದಾ ಟೀಚರೇ?" ಎಂದು ಮಂಡಳಿಯ ಐರಿನ್ ನಗಾಡಿದಳು. ಜಯರಾಜನಿಗೆ ಮನಸ್ಸಿರಲಿಲ್ಲ. "ದೂರ ಉಂಟು, ಟೀಚರ್. ಶನಿವಾರ ಹೋಗಬಹುದಲ್ಲ?" ಎಂದ. ಶನಿವಾರ ನಮಗೆ ಬೇರೆ ಕಾರ್ಯಕ್ರಮವಿತ್ತು. "ಹನ್ನೊಂದಕ್ಕೆ ಹೊರಟರೆ ಎರಡೂವರೆಗೆ ರೂವಿಯಲ್ಲಿರುತ್ತೇವೆ. ನನಗೆ ಲೆಕ್ಕ ಬರುವುದಿಲ್ಲವಾ?" ಎಂದು ಗದರಿದೆ. ಅವನು ಎಷ್ಟೆಂದರೂ ವಿದ್ಯಾರ್ಥಿ, ಒಪ್ಪಿಕೊಂಡ.

ನಮ್ಮ ಡ್ರೈವರ್ ಇಸ್ಮಾಯಿಲ್ ಉಳ್ಳಾಲದ ಕಡೆಯ ಬ್ಯಾರಿ, ನಲವತ್ತೈದರ ಆಸುಪಾಸು. ಆಗ ನಾನು ಅವರನ್ನು ನೀನು ಎಂದೇ ಕರೆಯುತ್ತಿದ್ದೆ. ಪ್ರತಿ ಬೆಳಿಗ್ಗೆ ಮಗುವಿನ ಜ್ವರ ನೋಡುವ ಹಾಗೆ ಬಾನೆಟ್ಟಿನ ಮೇಲೆ ಅಂಗೈ ಇಡುತ್ತಿದ್ದರು. ಇಂಜಿನ್ ಚಾಲೂ ಮಾಡಿ, ತಲೆ ಓರೆಮಾಡಿ ಸದ್ದು ಕೇಳಿ, ಆಮೇಲೆಯೇ ನಮ್ಮನ್ನು ಹತ್ತಿಸುತ್ತಿದ್ದರು. "ಹೊಸತರಲ್ಲೇ ನಾನು ಹಿಡಿದ ಗಾಡಿ ಇದು, ಟೀಚರೇ. ಹನ್ನೊಂದು ವರ್ಷ ಆಯ್ತು. ಒಂದು ದಿನ ರಸ್ತೆಯಲ್ಲಿ ನಿಂತದ್ದಿಲ್ಲ. ಕೇಳಿ ನೋಡಿ ಬೇಕಾದ್ರೆ, ಇಡೀ ರೂವಿಯಲ್ಲಿ." ನಾನು ನಕ್ಕೆ. ಒಬ್ಬ ಡ್ರೈವರಿಗೆ ಇಷ್ಟು ಜಂಬವೇ ಎಂದು ಅನಿಸಿತು ನೋಡಿ, ನನಗೆ!

ಬಾತ್ ತಲುಪಿದಾಗ ಒಂಬತ್ತು ಗಂಟೆ. ಆಹಾ, ಆ ಗುಡ್ಡದ ಸಾಲು! ಸುಣ್ಣವಿಲ್ಲ, ಗಾರೆಯಿಲ್ಲ, ಕಲ್ಲಿನ ಮೇಲೆ ಕಲ್ಲು, ಬರೀ ಕೈಯಲ್ಲಿ ಜೋಡಿಸಿದ ಗೋರಿಗಳು. ನಾನು ಪಾಠ ಶುರುಮಾಡಿದೆ. ಚೆನ್ನಾಗಿಯೇ ಹೇಳಿದೆ, ಅದನ್ನು ಈಗಲೂ ಹೇಳುತ್ತೇನೆ. ತಾಮ್ರದ ಬಗ್ಗೆ, ಆ ಜನ ಸಮುದ್ರ ದಾಟಿ ನಮ್ಮ ಸಿಂಧೂ ನದಿಯ ಕಡೆಯವರೊಡನೆ ಮಾಡುತ್ತಿದ್ದ ವ್ಯಾಪಾರದ ಬಗ್ಗೆ. ಅಯ್ಯನವರು ಟೊಪ್ಪಿ ತೆಗೆದು ಕೇಳಿದರು. ಆಮೇಲೆ ವೀಡಿಯೋ. ಅಷ್ಟು ಹಳೆಯ ಕಲ್ಲುಗಳ ಮುಂದೆ, ನೇರಳೆ ಅಂಚಿನ ಬಿಳಿ ಸೀರೆಯುಟ್ಟು ನಮ್ಮ ಮಂಡಳಿ ಕನ್ನಡದಲ್ಲಿ ಹಾಡಬೇಕು. ಊರಿನಲ್ಲಿ ಪರದೆಯ ಮೇಲೆ ತೋರಿಸಬೇಕು. ಮೊದಲ ಸಲ ಗಾಳಿಗೆ ಸೆರಗು ಹಾರಿತು. ಎರಡನೆಯ ಸಲ ಆಲ್ಟೋ ಸ್ವರ ಹಾಡುವವರು ತಪ್ಪಿದರು. ಮೂರನೆಯದು ಒಳ್ಳೆಯದಾಯಿತು, ಆದರೆ ನೆರಳು ಮುಖದ ಮೇಲೆ...

ಹನ್ನೊಂದಕ್ಕೆ ಇಸ್ಮಾಯಿಲ್ ಗುಡ್ಡ ಹತ್ತಿ ಬಂದರು. "ಟೀಚರೇ, ಹೊರಡುವ."

"ಐದು ನಿಮಿಷ."

ಹನ್ನೊಂದೂವರೆಗೆ ಮತ್ತೆ ಬಂದರು. ಹನ್ನೆರಡೂಕಾಲಿಗೆ ಬಂದು, "ಯಲ್ಲಾ, ಹೊರಡುವ ಟೀಚರೇ, ಆ ಬರ್ಕಾದವರು ಕಾಯ್ತಾ ಕೂತಿರ್ತಾರೆ ಮಾರಾಯ್ರೆ. ಐದಕ್ಕೆ ಬಸ್ಸು ಉಂಟಂತಲ್ಲ ಅವರಿಗೆ" ಎಂದರು. ನಮ್ಮ ಸಭೆಯವರಲ್ಲದ ಆ ಮನುಷ್ಯನಿಗೆ ನಮ್ಮ ಜನರ ಭೋಜನದ ಚಿಂತೆಯಿತ್ತು. ನಾನು ಏನೆಂದೆ ಗೊತ್ತೇ? "ನೀನು ಗಾಡಿ ನೋಡಿಕೋ, ಸಮಯ ನಾನು ನೋಡಿಕೊಳ್ತೇನೆ" ಎಂದೆ. ಎಲ್ಲರ ಮುಂದೆ. ಅವರು ಇಳಿದು ಹೋದರು. ನಾವು ಆಚೆ ತುದಿಯ ದುಂಡು ಬುರುಜಿನ ಮುಂದೆಯೂ ಒಂದು ಹಾಡು ಹಾಡಿ ಹೊರಟಾಗ ಒಂದೂಮುಕ್ಕಾಲು ಆಗಿತ್ತು.

ಆ ದೇಶದ ಗಾಡಿಗಳು ನೂರಿಪ್ಪತ್ತು ದಾಟಿದರೆ ಕೀಂ ಕೀಂ ಎಂದು ಕೂಗುತ್ತವೆ. ಇಡೀ ದಾರಿ ಆ ಸದ್ದು ಕೇಳುತ್ತಲೇ ಇತ್ತು. ಊಟಕ್ಕೂ ನಿಲ್ಲಿಸಲಿಲ್ಲ. ಜಯರಾಜನ ಫೋನುಗಳು ಬಂದವು, ನಾನು ಎತ್ತಲಿಲ್ಲ. ಏನು ಹೇಳಬೇಕಿತ್ತು ನಾನು —

ರೂವಿ ತಲುಪಿದಾಗ ಐದೂಕಾಲು. ಬಸ್ಸು ಹೋಗಿತ್ತು. ಹಾಲ್‌ನಲ್ಲಿ ಮೇಜಿನ ಮೇಲೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಹಾಸಿತ್ತು. ಅದನ್ನು ಕ್ಯಾಂಪಿನವರೇ ತಂದು ಹಾಸಿದ್ದಂತೆ. ಎರಡು ಗಂಟೆಯಿಂದ ಕಾದು, ತಮಗೆ ಬರುವ ಕೀರ್ತನೆಗಳನ್ನೆಲ್ಲ ತಾವೇ ಹಾಡಿ ಮುಗಿಸಿ ಹೋಗಿದ್ದರು. ಅಯ್ಯನವರು ರೊಟ್ಟಿಯ ಡಬ್ಬಿ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟರು.

ಜಯರಾಜ ನನ್ನ ಎದುರು ಬಂದು ನಿಂತ. "ಎಂತ ಆಯ್ತು, ಟೀಚರ್?"

ಆ ಕ್ಷಣದಲ್ಲಿ ಐದು ನಿಮಿಷ, ಐದು ನಿಮಿಷ ಎಂದ ನನ್ನದೇ ದನಿ ನನಗೆ ಕೇಳುತ್ತಿತ್ತು. ಮೂವತ್ತೊಂದು ವರ್ಷ ತಡವಾಗಿ ಬಂದ ಮಕ್ಕಳನ್ನು ಬಾಗಿಲ ಹೊರಗೆ ನಿಲ್ಲಿಸಿದವಳು ನಾನು. ಆ ಮಕ್ಕಳಲ್ಲಿ ಇವನೂ ಒಬ್ಬ. ಬಾಯಿಂದ ಬಂದೇ ಬಂತು: "ಗಾಡಿ ಕೆಟ್ಟಿತು."

ಐರಿನ್ ನೆಲ ನೋಡಿದಳು. ಅಯ್ಯನವರು ಡಬ್ಬಿಯ ಮುಚ್ಚಳ ಒತ್ತಿ ಒತ್ತಿ ಮುಚ್ಚಿದರು. ನಮ್ಮ ಹಿಂದೆ, ನನ್ನದೇ ಚೀಲ ಹೊತ್ತುಕೊಂಡು, ಇಸ್ಮಾಯಿಲ್ ನಿಂತಿದ್ದರು. ಅವರು ನನ್ನನ್ನು ನೋಡಿದರು. ಚೀಲವನ್ನು ಮೆಲ್ಲಗೆ ಕೆಳಗಿಟ್ಟು ವ್ಯಾನಿನ ಕಡೆ ನಡೆದರು. ನಾಲ್ಕು ಮಾತಲ್ಲಿ ನನ್ನ ಮಾನ ಕಳೆಯಬಹುದಾಗಿದ್ದ ಮನುಷ್ಯ, ಊರಿನ ಹಿರಿಯಳೆಂದು ನನ್ನನ್ನು ಉಳಿಸಿದರು.

ನೊಂದಿದ್ದ ಜಯರಾಜ ಸುಮ್ಮನೆ ಬಿಡಲಿಲ್ಲ. ವ್ಯಾನು ಕೊಟ್ಟ ಟ್ರಾವೆಲ್ಸಿನವರಿಗೆ ಫೋನ್ ಮಾಡಿ, ಕೆಟ್ಟ ಗಾಡಿ ಕೊಟ್ಟು ಬಡವರ ಆರಾಧನೆ ತಪ್ಪಿಸಿದಿರಿ ಎಂದು ಜಗಳ ಮಾಡಿದ. ಯಾರನ್ನು ತೆಗೆಯಲಿ ಎಂದು ಎಲ್ಲ ಕಂಪನಿಗಳೂ ನೆಪ ಹುಡುಕುತ್ತಿದ್ದ ದಿನಗಳವು. ಸೋಮವಾರ ನಮ್ಮನ್ನು ವಿಮಾನ ನಿಲ್ದಾಣಕ್ಕೆ ಬಿಡಲು ಬಂದವನು ಬೇರೆ ಡ್ರೈವರ್. ಇಸ್ಮಾಯಿಲ್ ಎಲ್ಲಿ ಎಂದು ಕೇಳಿದೆ. "ಖಲಾಸ್, ಮೇಡಂ. ಗಾಡಿ ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತ ಕಫೀಲ್ ವೀಸಾ ಕ್ಯಾನ್ಸಲ್ ಮಾಡಿಸಿದ" ಎಂದು ಅವನು ಹಿಂದಿಯಲ್ಲಿ ಹೇಳಿದ. ಕಫೀಲ್ ಎಂದರೆ ವೀಸಾ ಕೊಡಿಸಿದ ಮಾಲೀಕ. ಜಯರಾಜ ನನ್ನ ಪಕ್ಕದಲ್ಲೇ ಕುಳಿತಿದ್ದ. ಒಂದು ಮಾತು ಸಾಕಿತ್ತು. ನಾನು ಪಾಸ್‌ಪೋರ್ಟುಗಳನ್ನು ಎಣಿಸಿದೆ. ಹನ್ನೊಂದು. ಮತ್ತೆ ಎಣಿಸಿದೆ.

ಇಷ್ಟಕ್ಕೇ ನಿಂತಿದ್ದರೆ! ನಮ್ಮಲ್ಲಿ ದೂರ ಹೋಗಿ ಬಂದವರು ಆರಾಧನೆಯ ನಡುವೆ ಎದ್ದು ನಿಂತು, ದೇವರು ತಮ್ಮನ್ನು ನಡೆಸಿದ್ದನ್ನು ಹೇಳುವ ವಾಡಿಕೆಯಿದೆ; ಅದಕ್ಕೆ ಸಾಕ್ಷಿ ಎನ್ನುತ್ತೇವೆ. ಸಾಕ್ಷಿಗೆ ಒಂದು ಕಷ್ಟ ಬೇಕು. ಎಲ್ಲವೂ ಸುಸೂತ್ರವಾಯಿತು ಎಂದರೆ ಯಾರು ಕೇಳುತ್ತಾರೆ? ನಾನು ಎದ್ದು ನಿಂತೆ. ಗಾಡಿ ಕೆಟ್ಟಿತು ಎಂದೆ. ಮೂರು ನೂರು ಮಂದಿ ಒಟ್ಟಿಗೆ ಉಸಿರು ಹಿಡಿದದ್ದು ಕೇಳಿಸಿತು. ಆಮೇಲೆ ಹಾಡು ತಾನಾಗಿ ಬಂತು, ಇಂಜಿನ್ ತಾನಾಗಿ ಚಾಲೂ ಆಯಿತು. ಅಕ್ಕಪಕ್ಕದ ಸಭೆಗಳಿಂದ ಕರೆಗಳು ಬಂದವು. ಐದನೆಯ ಸಲ ಹೇಳುವಾಗ ಐರಿನ್ ಎದ್ದು, "ಹೊಗೆ ಬಂದದ್ದು ನಾನೇ ನೋಡಿದ್ದು" ಎಂದಳು. ಅವಳು ನಿಜಕ್ಕೂ ನಂಬಿದ್ದಳು. ಒಂದೊಂದು ಸಲ ನಾನೂ.

ಹೆಮ್ಮೆಪಟ್ಟೆ. ಸುಳ್ಳು ಹೇಳುವುದಿಲ್ಲ — ಈಗಲಾದರೂ. ತುಂಬ ಹೆಮ್ಮೆಪಟ್ಟೆ.

ಕಳೆದ ತಿಂಗಳು ತೊಕ್ಕೊಟ್ಟಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಛತ್ರದ ಎದುರು ಶಾಲೆಯ ಒಂದು ಹಳದಿ ವ್ಯಾನು ನಿಂತಿತ್ತು. ಗಡ್ಡ ಬೆಳ್ಳಗಾದ ಒಬ್ಬರು ಅದರ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ತಲೆ ಓರೆಮಾಡಿ ನಿಂತಿದ್ದರು. ಮುಖ ನೋಡುವ ಮೊದಲೇ ಗೊತ್ತಾಯಿತು. ತಿರುಗಿ ಒಳಗೆ ಹೋಗಿಬಿಡಬಹುದಿತ್ತು. ಹೋಗಲಿಲ್ಲ, ಇಡೀ ಕಥೆಯಲ್ಲಿ ನಾನು ಸರಿಯಾಗಿ ಮಾಡಿದ್ದು ಅದೊಂದೇ.

"ಟೀಚರಲ್ವಾ?" ಎಂದು ಅವರೇ ಮೊದಲು ಕೇಳಿದರು. ಪಕ್ಕದ ಹೋಟೆಲಿನಿಂದ ಚಹಾ ತರಿಸಿದರು. ನಾನು ಎಲ್ಲವನ್ನೂ ಹೇಳಿದೆ, ನಮ್ಮ ಊರಿನಲ್ಲಿ ಹೇಳಿಕೊಂಡು ತಿರುಗಿದ ಸಾಕ್ಷಿಯನ್ನೂ. ಅವರು ಗ್ಲಾಸು ಕೆಳಗಿಟ್ಟರು.

"ಕೆಲಸ ಆ ವರ್ಷ ಎಲ್ಲರದ್ದೂ ಹೋಯ್ತು, ಟೀಚರೇ. ನನ್ನದು ನಾಲ್ಕು ತಿಂಗಳು ಮೊದಲೇ ಹೋಯ್ತು, ಅಷ್ಟೇ. ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ಆದ್ರೆ ನನ್ನ ಗಾಡಿ ಕೆಟ್ಟಿತು ಅಂತ..." ಹೆಗಲ ಮೇಲಿನ ಬಟ್ಟೆ ತೆಗೆದು, ಮೊದಲೇ ಹೊಳೆಯುತ್ತಿದ್ದ ವ್ಯಾನಿನ ಕನ್ನಡಿಯನ್ನು ಒರೆಸಿದರು.

ನಾನು ಕೈ ಮುಗಿದು ಕ್ಷಮೆ ಕೇಳಿದೆ. ಆಗ ಅವರು ಹೇಳಿದ ಮಾತಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

"ನನ್ನ ಹತ್ತಿರ ಹೇಳಿ ಎಂತ ಮಾಡುವುದು, ಟೀಚರೇ? ಕೆಟ್ಟಿಲ್ಲ ಅಂತ ನನಗೆ ಗೊತ್ತುಂಟಲ್ಲ."

ಕೋಪವಿಲ್ಲದೆ ಹೇಳಿದರು. ತಲೆ ಎತ್ತಿ ಹೇಳಿದರು. ನನ್ನ ಜೀವಮಾನದಲ್ಲಿ ಎಷ್ಟೋ ಸಲ ಹೆಮ್ಮೆಪಟ್ಟಿದ್ದೇನೆ. ಆ ಮನುಷ್ಯನ ಗಾಡಿಯಲ್ಲಿ ಕುಳಿತಿದ್ದೆ ಎಂಬ ಹೆಮ್ಮೆ ಅವೆಲ್ಲಕ್ಕಿಂತ ದೊಡ್ಡದು. ಅದಕ್ಕೆ ನಾನು ಯೋಗ್ಯಳಲ್ಲ ಎಂಬುದೂ ನನಗೆ ಗೊತ್ತು.

ಬರ್ಕಾದ ಆ ಇಪ್ಪತ್ತಾರು ಮಂದಿ ಈಗ ಎಲ್ಲಿದ್ದಾರೋ. ಅವರು ಮತ್ತೆ ಒಟ್ಟಿಗೆ ಆ ಮೇಜಿನ ಮುಂದೆ ಕೂರುವುದಿಲ್ಲ. ಅದನ್ನು ನಾನು ಸರಿಮಾಡಲಾರೆ. ಜಯರಾಜನಿಗೆ ನಿನ್ನೆ ಕಾಗದ ಹಾಕಿದ್ದೇನೆ. ಬರುವ ಭಾನುವಾರ ಸಾಕ್ಷಿಯ ಸಮಯಕ್ಕೆ, ಅಂದು ನಿಂತ ಜಾಗದಲ್ಲೇ ಎದ್ದು ನಿಲ್ಲುತ್ತೇನೆ. ಆಮೇಲೆ ನನ್ನನ್ನು ಕರೆಸಿ ಕೇಳಿದ ಒಂದೊಂದು ಸಭೆಗೂ, ಈ ಸಲ ಕರೆಯದೆಯೇ ಹೋಗುತ್ತೇನೆ. ಹಾಡು ಇರುವುದಿಲ್ಲ. ಡ್ರೈವರ್ ಇಸ್ಮಾಯಿಲ್ ಮೂರು ಸಲ ಕರೆದರು, ನಾನು ಹೊರಡಲಿಲ್ಲ, ಗಾಡಿ ಕೆಟ್ಟಿರಲಿಲ್ಲ — ಇಷ್ಟನ್ನು ಹೇಳಿ ಕೂರುತ್ತೇನೆ.