ದುಂಡು ಮೂಲೆಯ ಬಟನ್

ವಿನೋಬನಗರದ ನಮ್ಮ ಪುಟ್ಟ ಸಾಫ್ಟ್‌ವೇರ್ ಆಫೀಸಿನ ಯಜಮಾನರಿಗೆ ಯಾವ ಟೂಲ್‌ಕಿಟ್ಟೂ ಒಂದು ವರ್ಷಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲ. ಪರದೆಯ ಮೇಲೆ ಕಿಟಕಿ, ಬಟನ್ನು ಮೂಡಿಸಿಕೊಡುವ ಆ ಸಿದ್ಧ ಸಾಮಗ್ರಿಯನ್ನು ಅವರು ಸೀರೆ ಅಂಗಡಿಯಲ್ಲಿ ಕೂತವರಂತೆ ಆರಿಸುತ್ತಿದ್ದರು. ಬಟನ್ನಿನ ಮೂಲೆ ದುಂಡಗಿರಬೇಕು, ಒತ್ತಿದರೆ ಮಿನುಗಬೇಕು. ಅದನ್ನು ಯಾರು, ಎಲ್ಲಿ ಕೂತು ಒತ್ತುತ್ತಾರೆಂಬ ಪ್ರಶ್ನೆ ಅವರ ಮಟ್ಟದ್ದಲ್ಲ. ಕನ್ನಡಕ ಹಣೆಗೇರಿಸಿ, ನಮ್ಮ ಕೆಲಸದ ಕಡೆ ಕೈ ಬೀಸಿ, "ಇದು ಹಳೇದಾತು ಬಿಡ್ರಿ" ಎನ್ನುವರು. ನಾವು ಮತ್ತೆ ಮೊದಲಿನಿಂದ ಬರೆಯಬೇಕು.

ಹರಿಹರದ ಒಂದು ವೇಬ್ರಿಡ್ಜ್‌ನಲ್ಲಿ, ಎಂದರೆ ಲಾರಿ ತೂಗುವಲ್ಲಿ, ಚೆನ್ನಾಗಿಯೇ ನಡೆಯುತ್ತಿದ್ದ ಪ್ರೋಗ್ರಾಂ ತೆಗೆದು ಹೊಸದನ್ನು ಹಾಕಲು ಅವರೇ ನನ್ನೊಂದಿಗೆ ಬಂದರು. ಆಫೀಸಿನ ತಮ್ಮ ಭಾರಿ ಮಾನಿಟರ್ ಬಿಟ್ಟು ಬೇರೆಲ್ಲೂ ಅದನ್ನು ತೆರೆದು ನೋಡಿರಲಿಲ್ಲ. ಅಲ್ಲಿನ ಚಿಕ್ಕ ಪರದೆಯಲ್ಲಿ ಪ್ರಿಂಟ್ ಬಟನ್ ಕೆಳಗಿನ ಅಂಚಿನಾಚೆ ಉಳಿಯಿತು.

"ಚೀಟಿ ಹೆಂಗ್ ಕೊಡ್ಲಿ ಸಾರ್? ಲಾರಿ ನಿಂತಾವ್ರಿ" ಎಂದ ತೂಕದವನು. ಹೊರಗೆ ಹಾರ್ನ್ ಶುರುವಾಗಿತ್ತು.

ಹಳೆಯ ಪ್ರೋಗ್ರಾಮನ್ನೇ ವಾಪಸ್ ಹಾಕೋಣ ಎಂದೆ. ಯಜಮಾನರು ನನ್ನತ್ತ ನೋಡಲೂ ಇಲ್ಲ. ಅಗಲಕ್ಕಿದ್ದ ಮಾನಿಟರನ್ನು ಮಗ್ಗುಲ ಮೇಲೆ ಎತ್ತರಕ್ಕೆ ನಿಲ್ಲಿಸಿ, ಇಟ್ಟಿಗೆ ಆನಿಸಿ, ಪರದೆಯ ಚಿತ್ರವನ್ನೂ ನೆಟ್ಟಗೆ ಕಾಣುವಂತೆ ತಿರುಗಿಸಿದರು. ಪ್ರಿಂಟ್ ಬಟನ್ ದುಂಡು ಮೂಲೆಗಳ ಸಮೇತ ಮಿನುಗಿತು.

"ನೋಡ್ರಿ, ಬಂತು!"

ತೂಕದವನು ಬಗ್ಗಿ ನೋಡಿದ. "ಬಟನ್ ಬಂತ್ರಿ ಸಾರ್. ತೂಕ ಎಲ್ಲೈತೆ?"

ಅಗಲ ಸಾಲದೆ ತೂಕದ ಅಂಕಿ ಬಲಗಡೆಯ ಅಂಚಿನಾಚೆ ಹೋಗಿತ್ತು.

ಯಜಮಾನರು ಕನ್ನಡಕ ಹಣೆಗೇರಿಸಿದರು. ಕೈ ಬೀಸಿದರು.

"ಈ ಮಾನಿಟರ್ ಹಳೇದಾತು ಬಿಡ್ರಿ."